ಐದನೆಯ ಸ್ವಿಟ್ಜರ್ಲೆಂಡ್: ಹೊರದೇಶಗಳ ಸ್ವಿಸ್ ಸಂಘಗಳ ಸಾಮಾಜಿಕ ಜೀವನ

ಸ್ವಿಟ್ಜರ್ಲೆಂಡಿನಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್ ಮತ್ತು ರೊಮಾಂಶ್ ಎಂಬ ನಾಲ್ಕು ರಾಷ್ಟ್ರಭಾಷೆಗಳಿದ್ದು, ಅವುಗಳಿಗೆ ಅನುಗುಣವಾಗಿ ನಾಲ್ಕು ಭಾಷಾಪ್ರದೇಶಗಳನ್ನು ಗುರುತಿಸುವುದು ವಾಡಿಕೆ. ಈ ನಾಲ್ಕರ ಜೊತೆಗೆ ಆ ದೇಶದವರು ಇನ್ನೊಂದನ್ನೂ ಎಣಿಸುತ್ತಾರೆ. ಗಡಿಯಾಚೆ ನೆಲೆಸಿರುವ ಸ್ವಿಸ್ ಪ್ರಜೆಗಳ ಸಮೂಹವೇ ಅವರ ಮಾತಿನಲ್ಲಿ 'ಐದನೆಯ ಸ್ವಿಟ್ಜರ್ಲೆಂಡ್'. ಇಂದು ಹೊರದೇಶಗಳಲ್ಲಿ ನೋಂದಾಯಿತರಾದ ಸ್ವಿಸ್ಸರ ಸಂಖ್ಯೆ 8 ಲಕ್ಷವನ್ನು ಮೀರಿದೆ. ಸ್ವಿಸ್ ಪೌರತ್ವವುಳ್ಳವರಲ್ಲಿ ಸುಮಾರು ಹತ್ತು ಮಂದಿಗೆ ಒಬ್ಬರು ದೇಶದ ಹೊರಗಿದ್ದಾರೆಂದು ಇದರಿಂದ ತಿಳಿಯುತ್ತದೆ. ಈ ಐದನೆಯ ಪ್ರದೇಶಕ್ಕೆ ನೆಲವಿಲ್ಲ. ಅದಕ್ಕೆ ಇರುವುದು ಸಂಘಗಳು ಮಾತ್ರ. ಆ ಸಂಘಗಳು ಹೇಗೆ ಹುಟ್ಟಿದವು, ಅಲ್ಲಿ ಜನ ಏನನ್ನು ಆಚರಿಸುತ್ತಾರೆ, ಹಾಗೆ ಆಚರಿಸುವಾಗ ಯಾವ ಸ್ವಿಟ್ಜರ್ಲೆಂಡನ್ನು ಕಟ್ಟಿಕೊಳ್ಳುತ್ತಾರೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸುತ್ತೇವೆ.

ಕನ್ನಡದ ವಿದ್ಯಾರ್ಥಿಗಳಿಗೆ ಸ್ವಿಟ್ಜರ್ಲೆಂಡ್ ಎಂದೊಡನೆ ನೆನಪಾಗುವುದು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್. ಆದರೆ ಅದನ್ನು ಸ್ವಿಸ್ ಸಮುದಾಯದ ಸಂಸ್ಥೆಯೆಂದು ಭಾವಿಸುವುದು ಸರಿಯಲ್ಲ. ಅದರ ಕೇಂದ್ರ ಬಾಸೆಲ್ ನಗರದಲ್ಲಿದ್ದುದು ನಿಜ. ಕರಾವಳಿಯಲ್ಲಿ ದುಡಿದ ಮಿಷನರಿಗಳಲ್ಲಿ ಬಹುಪಾಲು ಜನ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗಿನವರು. ಮೋಗ್ಲಿಂಗ್ ಅಲ್ಲಿಯವರೇ. 1894ರ ನಿಘಂಟಿನ ಕಿಟ್ಟೆಲ್ಲರು ಉತ್ತರ ಜರ್ಮನಿಯವರು. ಅವರನ್ನು ಒಗ್ಗೂಡಿಸಿದ್ದು ಧರ್ಮವೇ ಹೊರತು ದೇಶವಲ್ಲ. ಭಾರತದಲ್ಲಿ ಸ್ವಿಸ್ಸರ ನಿಜವಾದ ನೆಲೆಯನ್ನು ಅರಸುವವರು ವ್ಯಾಪಾರದ ಕಡೆಗೆ ನೋಡಬೇಕು. 1851ರಲ್ಲಿ ವಿಂಟರ್‌ಥೂರ್ ಮತ್ತು ಬೊಂಬಾಯಿಗಳಲ್ಲಿ ಏಕಕಾಲಕ್ಕೆ ಆರಂಭವಾದ ಫೋಲ್ಕಾರ್ಟ್ ಬ್ರದರ್ಸ್ ಸಂಸ್ಥೆ ಇದಕ್ಕೆ ಉತ್ತಮ ನಿದರ್ಶನ. 1954ರಲ್ಲಿ ಟಾಟಾ ಸಂಸ್ಥೆಯೊಡನೆ ಸೇರಿ ಅದು ಹುಟ್ಟುಹಾಕಿದ ವೋಲ್ಟಾಸ್ ಹೆಸರು ಮುಂಬಯಿಯ ಓದುಗರಿಗೆ ಅಪರಿಚಿತವಲ್ಲ. ಹೊರದೇಶಗಳ ಸ್ವಿಸ್ ಸಂಘಗಳಲ್ಲಿ ಹಲವು ಹುಟ್ಟಿದ್ದು ಇಂತಹ ವ್ಯಾಪಾರಿ ಕೋಠಿಗಳ ಗುಮಾಸ್ತರು ಮತ್ತು ಸಹಾಯಕರ ನಡುವೆಯೇ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ತನ್ನ ನಾಡಿನಲ್ಲಿರುವ ಸ್ವಿಸ್ ಮನುಷ್ಯ ಸಾಮಾನ್ಯವಾಗಿ ತನ್ನನ್ನು ಮೊದಲಿಗೆ ಸ್ವಿಸ್ ಎಂದು ಹೇಳಿಕೊಳ್ಳುವುದಿಲ್ಲ. ಅವನು ಬರ್ನ್‌ನವನು, ಜಿನೀವಾದವನು, ಇಲ್ಲವೆ ವಾಲೆಯವನು. ಒಕ್ಕೂಟದಲ್ಲಿ 26 ಕ್ಯಾಂಟನ್‌ಗಳಿವೆ. ಪೌರತ್ವವೂ ಮೇಲಿನಿಂದ ಕೆಳಕ್ಕೆ ಇಳಿದು ಬರುವುದಲ್ಲ, ಊರಿನಿಂದ ಮೇಲಕ್ಕೆ ಏರುವಂಥದು. ಒಂದು ಗ್ರಾಮ ಅಥವಾ ಪಟ್ಟಣದ ಪೌರನಾದವನು ಕ್ಯಾಂಟನ್ನಿನ ಪೌರ, ಅದರ ಮೂಲಕ ದೇಶದ ಪೌರ. ಆತನ ಪಾಸ್‌ಪೋರ್ಟಿನಲ್ಲಿ ನಮೂದಾಗುವುದು ಹುಟ್ಟಿದ ಊರಲ್ಲ, ವಂಶದ ಮೂಲಗ್ರಾಮ. ಮುತ್ತಜ್ಜನ ಕಾಲದಿಂದ ಯಾರೂ ಕಾಲಿಡದ ಗ್ರಾಮವೂ ಅದಾಗಿರಬಹುದು. ಮೂಲಸ್ಥಾನ, ಮನೆದೇವರು ಎಂಬ ಕಲ್ಪನೆಗಳಲ್ಲಿ ಬೆಳೆದ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಹೀಗಿರುವಾಗ ಜರ್ಮನ್ ನುಡಿಯ ಜ್ಯೂರಿಕ್‌ನವನೂ ಫ್ರೆಂಚ್ ನುಡಿಯ ಲೊಸಾನಿನವನೂ ಒಂದೇ ಮೇಜಿನ ಸುತ್ತ ಕುಳಿತು ತಾವಿಬ್ಬರೂ ಸ್ವಿಸ್ಸರು ಎಂದು ಭಾವಿಸುವ ಸಂದರ್ಭ ಊರಿನಲ್ಲಿರುವುದಕ್ಕಿಂತ ಹೊರದೇಶದಲ್ಲಿಯೇ ಹೆಚ್ಚು. ಸಂಘವು ತಾಯ್ನಾಡಿನ ಪ್ರತಿಬಿಂಬವೆಂದು ಹೇಳುವುದುಂಟು. ನಮ್ಮ ದೃಷ್ಟಿಯಲ್ಲಿ ಸ್ವಿಸ್ ಸಂಘದ ವಿಚಾರದಲ್ಲಿ ಈ ಮಾತು ಸಲ್ಲುವುದಿಲ್ಲ. ತಾಯ್ನಾಡಿನಲ್ಲಿ ದಿನನಿತ್ಯ ಕಾಣಸಿಗದ ಒಂದು ಐಕ್ಯವನ್ನು ಅದು ಅಭ್ಯಾಸ ಮಾಡುತ್ತದೆ.

ಈ ಐಕ್ಯವೂ ಒಮ್ಮೆಗೇ ಬಂದುದಲ್ಲ. ಲಂಡನ್ನಿನ ಉದಾಹರಣೆಯನ್ನು ನೋಡಬಹುದು. ಅಲ್ಲಿ 1762ರಲ್ಲಿ ಆರಂಭವಾದ ಸ್ವಿಸ್ ಚರ್ಚು ಮೊದಲಿಗೆ ಫ್ರೆಂಚ್ ನುಡಿಯವರದು. ಎಂಡೆಲ್ ಬೀದಿಯಲ್ಲಿರುವ ಅದರ ಕಟ್ಟಡ 1855ರದು. ಇಟಾಲಿಯನ್ ನುಡಿಯ ಟಿಚಿನೊ ಕ್ಯಾಂಟನ್ನಿನವರು 1874ರಲ್ಲಿ ತಮ್ಮದೇ ಆದ 'ಉನಿಯೊನೆ ಟಿಚಿನೇಸೆ'ಯನ್ನು ಕಟ್ಟಿಕೊಂಡರು. ಟಿಚಿನೊದ ಬ್ಲೆನಿಯೊ ಮೊದಲಾದ ಬಡ ಕಣಿವೆಗಳಿಂದ ಬಂದವರು ಲಂಡನ್ನಿನಲ್ಲಿ ಕಾಫಿಗೃಹ, ಚಾಕೊಲೇಟು, ಐಸ್‌ಕ್ರೀಮುಗಳ ವ್ಯಾಪಾರಕ್ಕೆ ಇಳಿದಿದ್ದರು. 1847ರಲ್ಲಿ ಅಲ್ಲಿಗೆ ಬಂದ ಕಾರ್ಲೊ ಗಟ್ಟಿ ಇವರಲ್ಲಿ ಪ್ರಸಿದ್ಧನು. ಮಾಲೀಕರ ಹಿಂದೆ ಮಾಣಿಗಳಾಗಿ ಅದೇ ಕಣಿವೆಗಳ ಹುಡುಗರು ಬಂದರು. ಕಾಯಿಲೆ ಬಿದ್ದರೆ, ಕೆಲಸ ಹೋದರೆ ಅವರಿಗೆ ಒದಗುವುದೇ ಸಂಘದ ಮೊದಲ ಕೆಲಸವಾಗಿತ್ತು. ಕರಾವಳಿಯ ಹುಡುಗರು ಮುಂಬಯಿಯ ಹೋಟೆಲುಗಳನ್ನು ಸೇರಿದ ಇತಿಹಾಸವನ್ನು ಬಲ್ಲವರಿಗೆ ಈ ಚಿತ್ರ ಹೊಸದಾಗಿ ತೋರಲಾರದು. ಹೆಸರಿನ ವಿಚಾರವೂ ಅಷ್ಟೇ. 1926ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಸಂಸ್ಥೆ 'ಮೈಸೂರು ಅಸೋಸಿಯೇಷನ್' ಎಂದು ಹೆಸರಿಟ್ಟುಕೊಂಡಾಗ ಏಕೀಕರಣಕ್ಕೆ ಇನ್ನೂ ಮೂವತ್ತು ವರ್ಷ ಬಾಕಿಯಿತ್ತು. 1956 ಕಳೆದು, 1973ರಲ್ಲಿ ರಾಜ್ಯದ ಹೆಸರೂ ಬದಲಾದ ಮೇಲೆ ಆ ಹೆಸರು ಹಾಗೆಯೇ ಉಳಿದಿದೆ. ಹೊರನಾಡಿನ ಸಂಘಗಳ ಹೆಸರುಗಳು ತಾಯ್ನಾಡು ಬಿಟ್ಟುಬಂದ ಗಡಿಗಳನ್ನು ಕಾಪಾಡುತ್ತವೆ.

ಪರಸ್ಪರ ನೆರವೇ ಮೊದಲ ಗುರಿಯಾಗಿತ್ತೆಂಬುದನ್ನು ಒತ್ತಿ ಹೇಳಬೇಕಾಗಿದೆ. ಇಂದಿನ ಸಿರಿವಂತ ಸ್ವಿಟ್ಜರ್ಲೆಂಡನ್ನು ನೋಡಿದವರಿಗೆ ಅದೊಂದು ಕಾಲಕ್ಕೆ ಜನರನ್ನು ಹೊರದಬ್ಬಿದ ಬಡನಾಡೆಂದು ನಂಬುವುದು ಕಷ್ಟ. 1816-17ರ ಕ್ಷಾಮದ ಬೆನ್ನಿಗೇ ಫ್ರೀಬೂರ್ ಮತ್ತಿತರ ಕ್ಯಾಂಟನ್ನುಗಳಿಂದ ಹೊರಟ ಸುಮಾರು ಎರಡು ಸಾವಿರ ಜನ ಬ್ರೆಜಿಲಿನಲ್ಲಿ ನೋವಾ ಫ್ರಿಬುರ್ಗೊ ಎಂಬ ನೆಲೆಯನ್ನು ಸೇರಹೊರಟರು. ಹಲವರು ದಾರಿಯಲ್ಲಿಯೇ ಸತ್ತರು. 1845ರಲ್ಲಿ ಗ್ಲಾರೂಸ್ ಕ್ಯಾಂಟನ್ನಿನವರು ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ನ್ಯೂ ಗ್ಲಾರೂಸನ್ನು ಕಟ್ಟಿದರು. ಲಂಡನ್, ಪ್ಯಾರಿಸ್, ನ್ಯೂಯಾರ್ಕ್ ನಗರಗಳಲ್ಲಿ 19ನೆಯ ಶತಮಾನದಲ್ಲಿ ದುಡಿದ ಸ್ವಿಸ್ ಸಂಸ್ಥೆಗಳಲ್ಲಿ ದೀನ ದೇಶಬಾಂಧವರ ನೆರವಿನ ನಿಧಿಗಳು ಮುಖ್ಯವಾದವು. ಹಾಡು, ಊಟ, ಇಸ್ಪೀಟು ಎಲ್ಲವೂ ಈ ನಿಧಿಯ ನೆರಳಿನಲ್ಲಿ ಬೆಳೆದವು.

ಏಷ್ಯಾದ ಚಿತ್ರ ಬೇರೆ. ಇಲ್ಲಿಗೆ ಬಂದವರು ರೈತರಲ್ಲ, ಮಾಣಿಗಳಲ್ಲ. ವ್ಯಾಪಾರಿ ಕೋಠಿಗಳ ತರುಣ ಅವಿವಾಹಿತರು. ಸಿಂಗಾಪುರದಲ್ಲಿ 1871ರಲ್ಲಿ ಇವರು ಕಟ್ಟಿದ ಸಂಘ ಗುಂಡು ಹೊಡೆಯುವವರ ಸಂಘವಾಗಿತ್ತು. ಇಂದಿನ ಸ್ವಿಸ್ ಕ್ಲಬ್ಬಿನ ಮೂಲ ಅದೇ. ಬಂದೂಕೇಕೆ ಎಂದು ಕೇಳುವುದು ಸಹಜ. ಸ್ವಿಸ್ ಸೈನ್ಯ ವೃತ್ತಿಪರರ ಸೈನ್ಯವಲ್ಲ, ಪ್ರಜೆಗಳ ಸೈನ್ಯ. ಬಂದೂಕನ್ನು ಮನೆಯಲ್ಲಿಟ್ಟುಕೊಂಡು ನಿಗದಿತ ಅಭ್ಯಾಸ ಮಾಡುವುದು ಗಂಡಸಿನ ನಾಗರಿಕ ಕರ್ತವ್ಯವೆನಿಸಿತ್ತು. ಊರೂರಿಗೂ ಗುರಿಕಾರರ ಸಂಘವಿದ್ದು, 1824ರಲ್ಲಿ ಆರೌ ಪಟ್ಟಣದಲ್ಲಿ ನಡೆದ ಮೊದಲ ಸಂಯುಕ್ತ ಗುರಿಕಾರರ ಉತ್ಸವವು ಕ್ಯಾಂಟನ್ನುಗಳ ಎಲ್ಲೆ ಮೀರಿ ಜನರನ್ನು ಸೇರಿಸಿದ ಮೊದಮೊದಲ ಹಬ್ಬಗಳಲ್ಲೊಂದು. ಆದ್ದರಿಂದ ಸಮಭಾಜಕ ವೃತ್ತದ ಬಳಿಯ ಬಂದರಿನಲ್ಲಿ ಗುರಿಯಿಟ್ಟು ನಿಂತ ಗುಮಾಸ್ತನಿಗೆ ಅದು ಬರಿಯ ಆಟವಾಗಿರಲಿಲ್ಲ, ತಾನು ಪೌರನೆಂಬುದರ ರುಜುವಾತಾಗಿತ್ತು.

ಮುಂದೆ 20ನೆಯ ಶತಮಾನದ ಆದಿಯಲ್ಲಿ ಸಂಘವು ಪಟ್ಟಣದಿಂದ ದೂರದ ಬುಕಿತ್ ತಿಮಾ ಕಡೆಯ ಗುಡ್ಡಕ್ಕೆ ಸ್ಥಳಾಂತರಗೊಂಡಿತು. 1927ರಲ್ಲಿ ಅಲ್ಲಿ ಎದ್ದ ಕ್ಲಬ್ ಭವನ ಇಂದಿಗೂ ಇದೆ, ಅಲ್ಲಿಗೆ ಹೋಗುವ ರಸ್ತೆಗೆ ಸ್ವಿಸ್ ಕ್ಲಬ್ ರಸ್ತೆಯೆಂದೇ ಹೆಸರು. 1967ರಲ್ಲಿ ಆರಂಭವಾದ ಸ್ವಿಸ್ ಶಾಲೆಯೂ ಆ ಆವರಣದ ನೆರೆಯಲ್ಲಿಯೇ ನೆಲೆಸಿದೆ. ಇದೇ ಊರಿನ ಜರ್ಮನರ 'ಟ್ಯೂಟೋನಿಯಾ' ಕ್ಲಬ್ಬಿನೊಡನೆ ಹೋಲಿಸಿದರೆ ಇದರ ಭಾಗ್ಯ ತಿಳಿಯುತ್ತದೆ. 1856ರಲ್ಲಿ ಸ್ಥಾಪಿತವಾದ ಆ ಕ್ಲಬ್ಬು 1900ರಲ್ಲಿ ಭವ್ಯ ಭವನವನ್ನು ಕಟ್ಟಿತ್ತು. 1914ರಲ್ಲಿ ಯುದ್ಧ ಆರಂಭವಾದಾಗ ಬ್ರಿಟಿಷ್ ಸರಕಾರ ಅದನ್ನು ಶತ್ರುವಿನ ಆಸ್ತಿಯೆಂದು ವಶಪಡಿಸಿಕೊಂಡಿತು. ಇಂದು ಅದು ಗುಡ್‌ವುಡ್ ಪಾರ್ಕ್ ಎಂಬ ಹೋಟೆಲು. ಜರ್ಮನ್ ನುಡಿಯನ್ನೇ ಆಡುವ ಸ್ವಿಸ್ಸರು ತಟಸ್ಥ ದೇಶದವರಾದುದರಿಂದ ಗುಡ್ಡದ ಮೇಲೆ ಉಳಿದರು. ಒಂದು ಸಂಘದ ಆಯುಷ್ಯವನ್ನು ಅದರ ಸದಸ್ಯರ ಶ್ರದ್ಧೆಯಷ್ಟೇ ಪಾಸ್‌ಪೋರ್ಟಿನ ಬಣ್ಣವೂ ನಿರ್ಧರಿಸುತ್ತದೆ.

ಇನ್ನು ಸಂಘದ ವರ್ಷಾವರ್ತನೆಯನ್ನು ಪರಿಶೀಲಿಸೋಣ. ಮೂವರು ಸ್ವಿಸ್ಸರು ಸೇರಿದಲ್ಲಿ ಒಂದು ಸಂಘ ಹುಟ್ಟುತ್ತದೆಂಬ ಹಾಸ್ಯ ಅವರಲ್ಲೇ ಉಂಟು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಲೆಕ್ಕ ತಪಾಸಿಗರು, ವಾರ್ಷಿಕ ಮಹಾಸಭೆ, ನಡವಳಿಯ ಪುಸ್ತಕ ಇವು ಎಲ್ಲೆಡೆಯೂ ಒಂದೇ ಬಗೆ. ಈ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ವರ್ಷದ ಮುಖ್ಯ ದಿನ ಆಗಸ್ಟ್ 1. 1291ರ ಆಗಸ್ಟ್ ಆದಿಯಲ್ಲಿ ಊರಿ, ಶ್ವೀಟ್ಸ್, ಉಂಟರ್‌ವಾಲ್ಡನ್ ಪ್ರದೇಶಗಳು ಮಾಡಿಕೊಂಡ ಒಪ್ಪಂದದ ನೆನಪಿನ ದಿನವದು. ಮಕ್ಕಳು ಕಾಗದದ ಬಣ್ಣದ ದೀಪಗಳನ್ನು ಕೋಲಿಗೆ ತೂಗಿಸಿಕೊಂಡು ಮೆರವಣಿಗೆ ಹೊರಡುತ್ತಾರೆ. ತಾಯ್ನಾಡಿನ ಬೆಟ್ಟಗಳ ಮೇಲೆ ಉರಿಯುವ ದೊಡ್ಡ ಬೆಂಕಿಯ ಬದಲಿಗೆ ಕ್ಲಬ್ಬಿನ ಹುಲ್ಲುಹಾಸಿನಲ್ಲಿ ಸಾಧ್ಯವಾದಷ್ಟು ಬೆಂಕಿ ಹೊತ್ತುತ್ತದೆ. ಒಕ್ಕೂಟದ ಅಧ್ಯಕ್ಷರು ಹೊರದೇಶದ ಸ್ವಿಸ್ಸರಿಗೆಂದೇ ಕಳುಹಿಸುವ ಸಂದೇಶವನ್ನು ಕೇಳಿಸಲಾಗುತ್ತದೆ. 1841ರಲ್ಲಿ ಆಲ್ಬೆರಿಕ್ ಜ್ವಿಸಿಗ್ ಎಂಬ ಪಾದ್ರಿ ರಾಗ ಕಟ್ಟಿದ, 1981ರಲ್ಲಷ್ಟೇ ಅಧಿಕೃತ ರಾಷ್ಟ್ರಗೀತೆಯಾದ 'ಸ್ವಿಸ್ ಸ್ತೋತ್ರ'ವನ್ನು ಹಾಡುತ್ತಾರೆ. ನಾಲ್ಕು ಭಾಷೆಗಳಲ್ಲಿ ಅದರ ಪಾಠಗಳಿರುವುದರಿಂದ ಒಂದೇ ರಾಗಕ್ಕೆ ಪಕ್ಕದವನು ಬೇರೆ ಮಾತುಗಳನ್ನು ಹಾಡುವುದು ಇಲ್ಲಿ ಅಪಸ್ವರವಲ್ಲ.

ಈ ಹಬ್ಬದ ಪ್ರಾಚೀನತೆಯ ಬಗ್ಗೆ ಸಂಶೋಧಕರು ಎಚ್ಚರದಿಂದಿರಬೇಕು. ಒಪ್ಪಂದ 1291ರದಾದರೂ ಆಗಸ್ಟ್ 1ನ್ನು ರಾಷ್ಟ್ರದ ದಿನವೆಂದು ಮೊದಲು ಆಚರಿಸಿದ್ದು ಅದರ ಆರುನೂರನೆಯ ವರ್ಷವಾದ 1891ರಲ್ಲಿ. ಅದು ದೇಶದಾದ್ಯಂತ ರಜಾದಿನವಾದದ್ದು 1993ರ ಜನಮತಗಣನೆಯ ಬಳಿಕ, 1994ರಿಂದ. ಸಿಂಗಾಪುರದ ಸಂಘವು ಆ ಹಬ್ಬಕ್ಕಿಂತ ಇಪ್ಪತ್ತು ವರ್ಷ ಹಿರಿಯದು.

ಊಟದ ವಿಚಾರದಲ್ಲಿಯೂ ಇದೇ ಮಾತು. ಹೊರದೇಶದ ಸಂಘಗಳಲ್ಲಿ ಚಳಿಗಾಲದ ಕೂಟವೆಂದರೆ ಫೊಂಡ್ಯು. ಮಣ್ಣಿನ ಅಥವಾ ಕಬ್ಬಿಣದ ಪಾತ್ರೆಯಲ್ಲಿ ಗ್ರುಯೆರ್ ಮೊದಲಾದ ಗಿಣ್ಣುಗಳನ್ನು ಬಿಳಿಯ ವೈನಿನಲ್ಲಿ ಕರಗಿಸಿ, ಸಣ್ಣ ಉರಿಯ ಮೇಲಿಟ್ಟು, ಎಲ್ಲರೂ ಒಂದೇ ಪಾತ್ರೆಯಿಂದ ಉದ್ದನೆಯ ಮುಳ್ಳುಚಮಚಕ್ಕೆ ಚುಚ್ಚಿದ ಬ್ರೆಡ್ಡಿನ ತುಣುಕನ್ನು ಅದ್ದಿ ತಿನ್ನುವುದು ಇದರ ಕ್ರಮ. ತುಣುಕನ್ನು ಪಾತ್ರೆಯೊಳಗೆ ಕಳೆದುಕೊಂಡವನು ದಂಡ ತೆರಬೇಕು. ಮಿಕ್ಕವರಿಗೆ ಒಂದು ಸುತ್ತು ಪಾನೀಯ ಕೊಡಿಸಬೇಕಾದೀತು. ಎಂಜಲು ಮಡಿಗಳ ಲೆಕ್ಕ ಇಟ್ಟುಕೊಂಡ ನಮ್ಮ ಹಿರಿಯರು ಈ ಊಟವನ್ನು ಹೇಗೆ ಕಾಣುತ್ತಿದ್ದರೋ! ಫೊಂಡ್ಯು ಮೂಲತಃ ಪಶ್ಚಿಮದ ಫ್ರೆಂಚ್ ನುಡಿಯ ಪ್ರದೇಶದ ತಿನಿಸು. ಅದನ್ನು ಇಡೀ ದೇಶದ ಊಟವನ್ನಾಗಿಸಿದ್ದು, 1914ರಿಂದ 1999ರವರೆಗೆ ಗಿಣ್ಣಿನ ಮಾರಾಟವನ್ನು ನಿಯಂತ್ರಿಸುತ್ತಿದ್ದ ಸ್ವಿಸ್ ಗಿಣ್ಣು ಒಕ್ಕೂಟವು 1930ರ ದಶಕದಿಂದ ನಡೆಸಿದ ಪ್ರಚಾರ. ಆಗಸ್ಟ್ 1ರಂದು ಸುಡುವ 'ಸರ್ವೆಲಾ' ಎಂಬ ಮಾಂಸದ ಸಾಸೇಜಿನ ಕಥೆ ಇನ್ನೂ ವಿಚಿತ್ರ. ಈ ರಾಷ್ಟ್ರೀಯ ತಿನಿಸಿನ ಹೊರಪೊರೆಗೆ ಬಳಸುತ್ತಿದ್ದುದು ಬ್ರೆಜಿಲಿನ ಡುಬ್ಬದ ದನಗಳ ಕರುಳು. 2006ರಲ್ಲಿ ಐರೋಪ್ಯ ಒಕ್ಕೂಟವು ಅದರ ಆಮದನ್ನು ನಿಷೇಧಿಸಿದಾಗ ಸ್ವಿಟ್ಜರ್ಲೆಂಡಿನಲ್ಲಿ ದೊಡ್ಡ ಗದ್ದಲವೇ ಎದ್ದಿತು. ಬ್ರೆಜಿಲಿನ ಡುಬ್ಬದ ದನಗಳಲ್ಲಿ ಪ್ರಧಾನವಾದ ತಳಿಯ ಹೆಸರು 'ನೆಲೋರ್'. ಅದು ನಮ್ಮ ನೆಲ್ಲೂರಿನ ಹೆಸರು, ಒಂಗೋಲು ತಳಿಯ ಸಂತಾನ.

ವಾರದ ಮಟ್ಟದಲ್ಲಿ ಸಂಘವನ್ನು ಹಿಡಿದಿಟ್ಟದ್ದು ಹಬ್ಬವಲ್ಲ, 'ಯಾಸ್' ಎಂಬ ಎಲೆಯಾಟ. 36 ಎಲೆಗಳು, ಸಾಮಾನ್ಯವಾಗಿ ನಾಲ್ವರು ಎದುರುಬದುರಾಗಿ ಜೋಡಿಗಟ್ಟಿ ಆಡುತ್ತಾರೆ. ತುರುಫಿನಲ್ಲಿ ಎಲ್ಲಕ್ಕೂ ಮಿಗಿಲಾದುದು ರಾಜನಲ್ಲ, ಗುಲಾಮ. ಅವನ ನಂತರ ಒಂಬತ್ತು. ಆ ಗುಲಾಮನನ್ನು ಅವರು ರೈತನೆಂದು ಕರೆಯುತ್ತಾರೆ. ರೈತನು ರಾಜನನ್ನು ಗೆಲ್ಲುವ ಈ ಆಟವನ್ನು ಪ್ರಜಾಪ್ರಭುತ್ವದ ಲಾಂಛನವೆಂದು ವರ್ಣಿಸುವವರಿದ್ದಾರೆ. ಅದು ವಿದೇಶಿ ಸೈನ್ಯಗಳಲ್ಲಿ ದುಡಿದ ಕೂಲಿ ಸಿಪಾಯಿಗಳು 18ನೆಯ ಶತಮಾನದಲ್ಲಿ ಹೊರಗಿನಿಂದ ತಂದ ಆಟವೆಂಬುದನ್ನು ಅವರು ಮರೆಯುತ್ತಾರೆ. ದೇಶದ ಪೂರ್ವಭಾಗದಲ್ಲಿ ಗಂಟೆ, ಗುರಾಣಿ, ಗುಲಾಬಿ, ಓಕ್ ಕಾಯಿಗಳ ಎಲೆಗಳು ಬಳಕೆಯಲ್ಲಿವೆ. ಪಶ್ಚಿಮದಲ್ಲಿ ನಮಗೂ ಪರಿಚಿತವಾದ ಇಸ್ಪೀಟು, ಆಟೀನು, ಡೈಮನ್, ಕಳಾವರಗಳು. ಈ ಎರಡರ ಗಡಿ ಭಾಷೆಯ ಗಡಿಯಲ್ಲ. ಅದು ಜರ್ಮನ್ ನುಡಿಯ ಸೀಮೆಯ ನಡುವೆಯೇ ಹಾದುಹೋಗುತ್ತದೆ. ಆದ್ದರಿಂದ ಹೊರದೇಶದ ಮೇಜಿನಲ್ಲಿ ಯಾವ ಕಟ್ಟನ್ನು ಬಿಚ್ಚಬೇಕೆಂಬುದು ಮೊದಲ ಪ್ರಶ್ನೆ.

ನವೆಂಬರಿನಲ್ಲಿ ಟರ್ನಿಪ್ ಗಡ್ಡೆಯ ಒಳಗನ್ನು ಕೊರೆದು ದೀಪವಿಡುವುದು, ಡಿಸೆಂಬರ್ 6ರಂದು ಸಂತ ನಿಕೋಲಾಸನ ವೇಷಧಾರಿಯು ಕಪ್ಪುಬಟ್ಟೆಯ ಸಂಗಾತಿಯೊಡನೆ ಬಂದು ಮಕ್ಕಳ ವರ್ಷದ ನಡತೆಯನ್ನು ವಿಚಾರಿಸಿ ಕಡಲೆಕಾಯಿ, ಕಿತ್ತಳೆ ಹಂಚುವುದು ಜರ್ಮನ್ ನುಡಿಯವರ ಕಡೆಯಿಂದ ಬಂದ ಪದ್ಧತಿಗಳು. ಮಕ್ಕಳಿರುವ ಸಂಘದಲ್ಲಿ ಇವು ತಪ್ಪುವುದಿಲ್ಲ.

ಭಾಷೆಯ ವಿಚಾರವನ್ನು ಪ್ರತ್ಯೇಕವಾಗಿ ಗಮನಿಸಬೇಕು. 1959ರಲ್ಲಿ ಫರ್ಗುಸನ್ ದ್ವಿಸ್ತರ ಭಾಷಾಸ್ಥಿತಿಯನ್ನು ನಿರೂಪಿಸಿದಾಗ ಆರಿಸಿಕೊಂಡ ನಾಲ್ಕು ನಿದರ್ಶನಗಳಲ್ಲಿ ಸ್ವಿಸ್ ಜರ್ಮನ್ ಒಂದು. ಆ ಭಾಗದವರು ಬರೆಯುವುದು ಶಿಷ್ಟ ಜರ್ಮನ್, ಆಡುವುದು ಊರಿಗೊಂದರಂತಿರುವ ಉಪಭಾಷೆ. ಶಿಷ್ಟ ಜರ್ಮನ್ ಕಲಿತ ಜಿನೀವಾದವನಿಗೆ ಈ ಆಡುನುಡಿ ತಿಳಿಯುವುದಿಲ್ಲ. ಜ್ಯೂರಿಕ್‌ನವರು ನಾಲ್ವರು ಸೇರಿ ಹರಟೆಗೆ ಕುಳಿತರೆ ಅವನು ಹೊರಗಿನವನಾಗುತ್ತಾನೆ. ಹೊರದೇಶದ ಸಂಘ ಇದಕ್ಕೆ ಕಂಡುಕೊಂಡ ಪರಿಹಾರ ಸರಳ: ಆಂಗ್ಲ ನಾಡುಗಳಲ್ಲಿ ಸಭೆಯ ಭಾಷೆ ಇಂಗ್ಲಿಷ್. ಎರಡನೆಯ ತಲೆಮಾರಿಗೆ ಅದೇ ಮನೆಮಾತೂ ಆಗುತ್ತದೆ. ಹೊರದೇಶದ ಸ್ವಿಸ್ಸರಿಗಾಗಿ ಪ್ರಕಟವಾಗುವ 'ಸ್ವಿಸ್ ರೆವ್ಯೂ' ಪತ್ರಿಕೆಗೆ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಆವೃತ್ತಿಗಳಿವೆ. ಈ ಎರಡೂ ಆ ದೇಶದ ರಾಷ್ಟ್ರಭಾಷೆಗಳಲ್ಲ. ಹೊರನಾಡ ಕನ್ನಡ ಸಂಘಗಳಿಗೂ ಸ್ವಿಸ್ ಸಂಘಗಳಿಗೂ ಇರುವ ಮೂಲಭೂತ ವ್ಯತ್ಯಾಸ ಇಲ್ಲಿದೆ. ಕನ್ನಡ ಸಂಘದ ಬುನಾದಿಯೇ ಭಾಷೆ. ಭಾಷೆ ಹೋದರೆ ಸಂಘಕ್ಕೆ ಅರ್ಥವಿಲ್ಲ. ಸ್ವಿಸ್ ಸಂಘದ ಬುನಾದಿ ಪೌರತ್ವ, ಭಾಷೆ ಹೋದರೂ ಅದು ನಿಲ್ಲುತ್ತದೆ. ಆದರೆ ಪೌರತ್ವ ಹೋದರೆ?

ಆ ಪ್ರಶ್ನೆ ಬಹುಕಾಲ ಹೆಂಗಸರ ಪಾಲಿಗೆ ಕೇವಲ ತರ್ಕದ ಪ್ರಶ್ನೆಯಾಗಿರಲಿಲ್ಲ. ವಿದೇಶೀಯನನ್ನು ಮದುವೆಯಾದ ಸ್ವಿಸ್ ಹೆಣ್ಣುಮಗಳು ಸಾಮಾನ್ಯವಾಗಿ ತನ್ನ ಪೌರತ್ವವನ್ನು ಕಳೆದುಕೊಳ್ಳುತ್ತಿದ್ದಳು. ಅದನ್ನು ಉಳಿಸಿಕೊಳ್ಳುವೆನೆಂದು ಘೋಷಿಸುವ ಅವಕಾಶ ಆಕೆಗೆ ಸಿಕ್ಕಿದ್ದು 1953ರಿಂದ ಜಾರಿಗೆ ಬಂದ ಕಾನೂನಿನಲ್ಲಿ. ಸ್ವಿಸ್ ಗಂಡಸು ಸ್ಥಳೀಯ ಹೆಣ್ಣನ್ನು ಮದುವೆಯಾದರೆ ಆಕೆಯೂ ಸ್ವಿಸ್ ಆಗುತ್ತಿದ್ದಳು. ಅವನ ತಂಗಿ ಅದೇ ಊರಿನಲ್ಲಿ ಸ್ಥಳೀಯನ ಕೈಹಿಡಿದರೆ ಕಾನೂನಿನ ಕಣ್ಣಿಗೆ ಪರಕೀಯಳು. ದೇಶದ ಒಳಗೂ ಹೆಂಗಸರಿಗೆ ಒಕ್ಕೂಟದ ಮತದಾನದ ಹಕ್ಕು ಬಂದದ್ದು 1971ರಲ್ಲಿ. ಸ್ವಿಸ್ ಸಂಘಗಳ ಹಳೆಯ ದಿನಗಳನ್ನು ಸೌಹಾರ್ದದ ಯುಗವೆಂದು ಬಣ್ಣಿಸುವ ಸ್ಮರಣ ಗ್ರಂಥಗಳನ್ನು ಓದುವಾಗ ಈ ಸಂಗತಿಯನ್ನು ಪಕ್ಕದಲ್ಲಿಟ್ಟುಕೊಳ್ಳಬೇಕೆಂದು ನಮ್ಮ ಸೂಚನೆ.

ಸಂಘಗಳು ರಾಜಕೀಯ ಬಲವಾದುದು ಮೊದಲ ಮಹಾಯುದ್ಧದ ಕಾಲದಲ್ಲಿ. ಜರ್ಮನ್ ನುಡಿಯವರು ಜರ್ಮನಿಯತ್ತ, ಫ್ರೆಂಚ್ ನುಡಿಯವರು ಫ್ರಾನ್ಸಿನತ್ತ ವಾಲಿ ದೇಶವೇ ಎರಡು ಹೋಳಾಗುವ ಭೀತಿಯಿದ್ದಾಗ, ಐಕ್ಯಕ್ಕಾಗಿ 1914ರಲ್ಲಿ ಸ್ಥಾಪಿತವಾದ ನವ ಹೆಲ್ವೆಟಿಕ್ ಸಮಾಜವು 1916ರಲ್ಲಿ ಹೊರದೇಶದ ಸ್ವಿಸ್ಸರ ಸಂಘಟನೆಯನ್ನು ಕಟ್ಟಿತು. ಎರಡು ನುಡಿಯವರೂ ಒಂದೇ ಮೇಜಿಗೆ ಕೂರುವ ರೂಢಿ ಹೊರಗಿನ ಸಂಘಗಳಲ್ಲಿ ಆಗಲೇ ಇದ್ದುದು ಇಲ್ಲಿ ಸ್ಮರಣೀಯ. ಈ ಸಂಘಟನೆಯ ದೀರ್ಘ ಪ್ರಯತ್ನದ ಫಲವಾಗಿ 1966ರಲ್ಲಿ ಸಂವಿಧಾನದಲ್ಲಿ ಹೊರದೇಶದ ಸ್ವಿಸ್ಸರ ಬಗ್ಗೆ ಒಂದು ವಿಧಿ ಸೇರಿತು. 1977ರಿಂದ ಅವರು ಒಕ್ಕೂಟದ ವಿಚಾರಗಳಲ್ಲಿ ಮತ ಹಾಕಬಹುದಾಯಿತು, ಆದರೆ ಅದಕ್ಕಾಗಿ ಸ್ವಿಟ್ಜರ್ಲೆಂಡಿಗೇ ಬರಬೇಕಿತ್ತು. ಅಂಚೆಯ ಮೂಲಕ ಮತ ಹಾಕುವ ಅವಕಾಶ 1992ರಲ್ಲಿ ದೊರೆಯಿತು. ಇಂದು ಮತಪಟ್ಟಿಯಲ್ಲಿ ಹೆಸರು ನೋಂದಾಯಿಸಿರುವವರು 2 ಲಕ್ಷಕ್ಕೂ ಹೆಚ್ಚು. ದೂರದ ದೇಶಗಳಿಗೆ ಮತಪತ್ರ ತಡವಾಗಿ ತಲಪುವ ದೂರು ಹಳೆಯದು. ವಿದ್ಯುನ್ಮಾನ ಮತದಾನವು 2019ರಲ್ಲಿ ನಿಂತು, 2023ರಿಂದ ಕೆಲವು ಕ್ಯಾಂಟನ್ನುಗಳಲ್ಲಿ ಪ್ರಯೋಗವಾಗಿ ಮತ್ತೆ ಆರಂಭವಾಗಿದೆ.

ಈ ಗೆಲುವೇ ಸಂಘಗಳಿಗೆ ಹೊಸ ತೊಡಕನ್ನು ತಂದಿತೆಂದು ನಮಗೆ ತೋರುತ್ತದೆ. ಹೊರದೇಶದ ಸ್ವಿಸ್ಸರ ಪರವಾಗಿ ಮಾತನಾಡುವ 140 ಸದಸ್ಯರ ಪರಿಷತ್ತಿಗೆ ಪ್ರತಿನಿಧಿಗಳನ್ನು ಆರಿಸುವ ಕೆಲಸ ಸಂಪ್ರದಾಯವಾಗಿ ಸಂಘಗಳದು. ಆದರೆ 8 ಲಕ್ಷ ಜನರಲ್ಲಿ ಸಂಘಗಳ ಸದಸ್ಯರು ಅಲ್ಪಭಾಗ. ಹೊರದೇಶದ ಸ್ವಿಸ್ಸರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಇನ್ನೊಂದು ದೇಶದ ಪೌರತ್ವವನ್ನೂ ಪಡೆದವರು. ಸ್ಥಳೀಯ ಸಮಾಜದಲ್ಲಿ ಬೆರೆತ ಅವರಿಗೆ ಯಾಸ್ ಮೇಜು ಬೇಕಿಲ್ಲ. ಎರಡು ಮೂರು ವರ್ಷಗಳ ಕರಾರಿನ ಮೇಲೆ ಬರುವ ಕಂಪನಿ ಅಧಿಕಾರಿಗಳು ಈಜುಕೊಳಕ್ಕೆ, ಮಕ್ಕಳ ಶಾಲೆಗೆ ಬರುತ್ತಾರೆ, ಕಾರ್ಯಕಾರಿ ಸಮಿತಿಗೆ ನಿಲ್ಲುವುದಿಲ್ಲ. ಸಿಂಗಾಪುರದ ಕ್ಲಬ್ಬು ಅನ್ಯದೇಶೀಯರಿಗೂ ಸದಸ್ಯತ್ವ ಕೊಟ್ಟು ತನ್ನ ವೆಚ್ಚವನ್ನು ತೂಗಿಸಿಕೊಳ್ಳುತ್ತಿದೆ. ಅಂತಹ ಆಸ್ತಿಯಿಲ್ಲದ ಸಣ್ಣ ಸಂಘಗಳಲ್ಲಿ ಅಧ್ಯಕ್ಷತೆಗೆ ಯಾರೂ ಸಿಗದೆ ಮುಚ್ಚಿದವುಗಳಿವೆ. ಕಾನೂನಿನ ಒಂದು ಅಂಶ ಮಾತ್ರ ಇಂದಿಗೂ ಅವುಗಳಿಗೆ ಕೆಲಸ ಕೊಡುತ್ತಿದೆ. 2018ರಿಂದ ಜಾರಿಯಲ್ಲಿರುವ ಪೌರತ್ವ ಕಾಯಿದೆಯ ಪ್ರಕಾರ, ಹೊರದೇಶದಲ್ಲಿ ಹುಟ್ಟಿ ಇನ್ನೊಂದು ಪೌರತ್ವವುಳ್ಳ ಮಗು 25 ವರ್ಷದೊಳಗೆ ಸ್ವಿಸ್ ಅಧಿಕಾರಿಗಳಲ್ಲಿ ದಾಖಲಾಗದಿದ್ದರೆ ಪೌರತ್ವ ನಷ್ಟವಾಗುತ್ತದೆ. ಇದನ್ನು ಮೊಮ್ಮಕ್ಕಳಿಗೆ ನೆನಪಿಸುವ ಹಿರಿಯರು ಸಿಗುವುದು ಸಾಮಾನ್ಯವಾಗಿ ಇಂತಹ ಸಂಘಗಳಲ್ಲಿಯೇ.

ಅಧ್ಯಯನ ಮಾಡಬಯಸುವವರಿಗೆ ಆಕರಗಳ ಕೊರತೆಯಿಲ್ಲ. ಲಂಡನ್ನಿನಲ್ಲಿ 1920ರಲ್ಲಿ ಆರಂಭವಾದ 'ಸ್ವಿಸ್ ಅಬ್ಸರ್ವರ್' ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾನಿಲಯದ ಗ್ರಂಥಾಲಯವು ಗಣಕೀಕರಿಸಿ ಎಲ್ಲರಿಗೂ ತೆರೆದಿಟ್ಟಿದೆ. ಕೂಟಗಳ ವರದಿ, ಸಂಘಗಳ ಪ್ರಕಟಣೆ, ನಿಧನವಾರ್ತೆಗಳಂತಹ ಸಣ್ಣ ಸುದ್ದಿಗಳಿಂದ ಒಂದು ಸಮುದಾಯದ ನಿತ್ಯದ ಬಾಳನ್ನು ಮರುರೂಪಿಸಬಹುದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳೂ ನಡವಳಿ ಪುಸ್ತಕಗಳೂ ಇದೇ ಬಗೆಯ ಆಕರಗಳು.